ಕೊಹೊಮಾಲಜಿಯ ಮಾಡ್ಯೂಲ್ ರಚನೆ

ಬೀಜೀಯ ಟೊಪಾಲಜಿಯಲ್ಲಿ ಒಂದು ಆಕಾಶದ ಕೊಹೊಮಾಲಜಿ ಗ್ರೂಪುಗಳ ಮೇಲೆ ಯಾವುದಾದರೊಂದು ರಿಂಗ್ ಕ್ರಿಯೆ ನಡೆಸಿದಾಗ ಆ ಗ್ರೂಪುಗಳಿಗೆ ಬರುವ ರಚನೆಗೆ ಮಾಡ್ಯೂಲ್ ರಚನೆ ಎಂದು ಹೆಸರು. ಕೂಡುವುದಕ್ಕೂ ಗುಣಿಸುವುದಕ್ಕೂ ಒದಗುವ ವಸ್ತುಗಳ ಕೂಟವೇ ರಿಂಗ್. ಪೂರ್ಣಾಂಕಗಳು, ಬಹುಪದೋಕ್ತಿಗಳು ಪರಿಚಿತ ಉದಾಹರಣೆಗಳು. ಸದಿಶಗಳನ್ನು ಸಂಖ್ಯೆಗಳಿಂದ ಗುಣಿಸುವ ಹಾಗೆಯೇ ಒಂದು ಗ್ರೂಪಿನ ಅಂಶಗಳನ್ನು ರಿಂಗಿನ ಅಂಶಗಳಿಂದ ಗುಣಿಸಲು ಬಂದರೆ ಆ ಗ್ರೂಪು ಆ ರಿಂಗಿನ ಮಾಡ್ಯೂಲ್ ಆಯಿತು. ಒಂದೇ ಆಕಾಶದ ಕೊಹೊಮಾಲಜಿ ಏಕಕಾಲಕ್ಕೆ ಹಲವು ರಿಂಗುಗಳಿಗೆ ಮಾಡ್ಯೂಲ್ ಆಗಿರಬಹುದು: ಗುಣಾಂಕಗಳ ರಿಂಗಿಗೆ, ತನ್ನದೇ ಗುಣಾಕಾರದ ರಿಂಗಿಗೆ, ತಳದಲ್ಲಿರುವ ಇನ್ನೊಂದು ಆಕಾಶದ ಕೊಹೊಮಾಲಜಿಗೆ, ಸಮಮಿತಿಗಳ ಗ್ರೂಪ್ ರಿಂಗಿಗೆ, ಸ್ಟೀನ್ರಾಡ್ ಬೀಜಗಣಿತಕ್ಕೆ. ಕೊನೆಯದು ಎಲ್ಲ ಆಕಾಶಗಳಿಗೂ ಸಮಾನವಾದದ್ದು, ಎಲ್ಲಕ್ಕಿಂತ ಬಿಗಿಯಾದದ್ದು. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಎಣಿಕೆಯಿಂದ ರಚನೆಗೆ

ಆರಂಭದಲ್ಲಿ ಇದ್ದದ್ದು ಬರಿಯ ಎಣಿಕೆ. ಇಟಲಿಯ ಎನ್ರಿಕೊ ಬೆಟ್ಟಿ 1871ರಲ್ಲಿ, ಫ್ರಾನ್ಸಿನ ಆನ್ರಿ ಪ್ವಾಂಕರೆ 1895ರಲ್ಲಿ ಆಕಾಶದ ತೂತುಗಳನ್ನು ಆಯಾಮವಾರು ಎಣಿಸಿದರು. ಈ ಸಂಖ್ಯೆಗಳ ಹಿಂದೆ ಗ್ರೂಪುಗಳಿವೆ, ಗಮನಿಸಬೇಕಾದದ್ದು ಅವನ್ನೇ ಎಂದು 1920ರ ದಶಕದ ನಡುವಿನಲ್ಲಿ ಗಟ್ಟಿಯಾಗಿ ಹೇಳಿದವರು ಗಟಿಂಗೆನ್‌ನ ಎಮ್ಮಿ ನೋಥರ್. ಕೊಹೊಮಾಲಜಿ ಬಂದದ್ದು ಇನ್ನೂ ಹತ್ತು ವರ್ಷ ಕಳೆದ ಮೇಲೆ. 1935ರ ಮಾಸ್ಕೋ ಸಮ್ಮೇಳನದಲ್ಲಿ ಅಮೆರಿಕದ ಅಲೆಗ್ಸಾಂಡರ್, ರಷ್ಯದ ಕೊಲ್ಮೊಗೊರೊವ್ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಅದನ್ನು ಮಂಡಿಸಿದರು. ಜೊತೆಗೆ ಒಂದು ಗುಣಾಕಾರವನ್ನೂ ಕೊಟ್ಟರು. ಆ ಗುಣಾಕಾರದ ವ್ಯಾಖ್ಯೆಯನ್ನು ತಿದ್ದಿ ಇಂದಿನ ರೂಪಕ್ಕೆ ತಂದವರು ಚೆಕ್ ಮತ್ತು ವಿಟ್ನಿ. ಅದೇ ಕಪ್ ಗುಣಾಕಾರ.

ಇದರಿಂದ ಆದ ಲಾಭವನ್ನು ಕೋಡುಬಳೆಯೊಂದರಲ್ಲಿ ನೋಡಬಹುದು. ಕೋಡುಬಳೆಯ ಮೇಲ್ಮೈಯೇ ಗಣಿತದ ಟೋರಸ್. ಅದರ ಮೇಲೆ ಎರಡು ಮುಖ್ಯ ಸುತ್ತುಗಳಿವೆ: ಬಳೆಯ ಉದ್ದಕ್ಕೆ ಒಂದು, ಹಿಟ್ಟಿನ ದಪ್ಪವನ್ನು ಬಳಸಿ ಇನ್ನೊಂದು. ಅದರ ಬೆಟ್ಟಿ ಸಂಖ್ಯೆಗಳು, ಎಂದರೆ ಆಯಾಮವಾರು ತೂತುಗಳ ಎಣಿಕೆ, 1, 2, 1. ಈಗ ಒಂದು ಗೋಳದ ಒಂದೇ ಬಿಂದುವಿಗೆ ಎರಡು ಉಂಗುರಗಳನ್ನು ಪೋಣಿಸಿ. ಅದರ ಬೆಟ್ಟಿ ಸಂಖ್ಯೆಗಳೂ 1, 2, 1. ಎಣಿಸುವವನಿಗೆ ಎರಡೂ ಒಂದೇ. ಆದರೆ ಟೋರಸ್ಸಿನ ಎರಡು ಸುತ್ತುಗಳಿಗೆ ಸಂಬಂಧಪಟ್ಟ ಒಂದನೇ ಡಿಗ್ರಿಯ ವರ್ಗಗಳನ್ನು (ಕೊಹೊಮಾಲಜಿ ಗ್ರೂಪಿನ ಅಂಶಗಳನ್ನು) ಗುಣಿಸಿದರೆ ಎರಡನೇ ಡಿಗ್ರಿಯ ಜನಕ ಸಿಗುತ್ತದೆ. ಪೋಣಿಸಿದ ಆಕಾಶದಲ್ಲಿ ಅದೇ ಗುಣಲಬ್ಧ ಸೊನ್ನೆ. ಒಂದರಲ್ಲಿ ಎರಡನೇ ಡಿಗ್ರಿಯ ಜನಕ ಸುತ್ತುಗಳಿಂದ ಹುಟ್ಟಿದ್ದು, ಇನ್ನೊಂದರಲ್ಲಿ ಪಕ್ಕದಲ್ಲಿ ಸುಮ್ಮನೆ ಅಂಟಿಕೊಂಡದ್ದು.

ಗುಣಾಂಕಗಳ ರಿಂಗಿನ ಮಾತು ಚಿಕ್ಕದು, ಆದರೆ ಮರೆಯುವಂಥದಲ್ಲ. ವಾಸ್ತವ ಪ್ರಕ್ಷೇಪೀಯ ಸಮತಲವನ್ನು ಭಾಗಲಬ್ಧ ಸಂಖ್ಯೆಗಳ ಮೂಲಕ ನೋಡಿದರೆ ಅದು ಬರಿಯ ಬಿಂದುವಿನಂತೆ ಕಾಣುತ್ತದೆ. ಪೂರ್ಣಾಂಕಗಳ ಮೂಲಕ ನೋಡಿದರೆ ಎರಡನೇ ಡಿಗ್ರಿಯಲ್ಲಿ ಒಂದು ವಿಚಿತ್ರ ಅಂಶ ಕಾಣುತ್ತದೆ, ಎರಡರಿಂದ ಗುಣಿಸಿದೊಡನೆ ಮಾಯವಾಗುವಂಥದು. 1 ಕೂಡಿಸು 1 ಸೊನ್ನೆಯಾಗುವ ಎರಡಂಶದ ಫೀಲ್ಡಿನಲ್ಲಿ ನೋಡಿದರೆ ಸೊನ್ನೆ, ಒಂದು, ಎರಡು ಈ ಮೂರು ಡಿಗ್ರಿಗಳಲ್ಲೂ ಒಂದೊಂದು ಜನಕ ಎದ್ದು ಬರುತ್ತದೆ. ಮುಂದಿನ ಕತೆಯೆಲ್ಲ ಬಹುಪಾಲು ಈ ಎರಡಂಶದ ಫೀಲ್ಡಿನಲ್ಲೇ ನಡೆಯುವುದು.

ತಳದ ಮೇಲಿನ ಮಾಡ್ಯೂಲ್

ಒಂದು ಆಕಾಶ ಇನ್ನೊಂದರ ಮೇಲೆ ಎಳೆಎಳೆಯಾಗಿ ನಿಂತಿದ್ದರೆ ತಳದ ಕೊಹೊಮಾಲಜಿ ಮೇಲಿನದರ ಮೇಲೆ ಗುಣಾಕಾರ ನಡೆಸುತ್ತದೆ. ಎಳೆಯ ಕೊಹೊಮಾಲಜಿಯ ಜನಕಗಳೆಲ್ಲ ಇಡೀ ಆಕಾಶಕ್ಕೆ ಹರಡುವಂತಿದ್ದರೆ ಮೇಲಿನ ಕೊಹೊಮಾಲಜಿ ತಳದ ಮೇಲೆ ಮುಕ್ತ ಮಾಡ್ಯೂಲ್ ಆಗುತ್ತದೆ ಎನ್ನುವುದು ಲರೇ–ಹಿರ್ಷ್ ಪ್ರಮೇಯ. 'ಮುಕ್ತ' ಎಂದರೆ ಜನಕಗಳ ನಡುವೆ ಯಾವ ಹಂಗೂ ಇಲ್ಲ ಎಂದರ್ಥ. ಸಂಕೀರ್ಣ ಸದಿಶ ಬಂಡಲ್ ಒಂದರ ಪ್ರತಿ ಎಳೆಯಲ್ಲೂ ಮೂಲಬಿಂದುವಿನ ಮೂಲಕ ಹಾಯುವ ರೇಖೆಗಳನ್ನೆಲ್ಲ ಒಟ್ಟುಗೂಡಿಸಿದರೆ ಪ್ರಕ್ಷೇಪೀಯ ಬಂಡಲ್ ಬರುತ್ತದೆ. ಅದರ ಕೊಹೊಮಾಲಜಿ ಎರಡನೇ ಡಿಗ್ರಿಯ ಒಂದು ವರ್ಗದ ಘಾತಗಳನ್ನು ಆಧಾರವಾಗಿಟ್ಟುಕೊಂಡ ಮುಕ್ತ ಮಾಡ್ಯೂಲ್. ಆ ಘಾತಗಳು ಆಧಾರವನ್ನು ಮೀರಿದ ಮೊದಲ ಹೆಜ್ಜೆಯಲ್ಲಿ ಹಿಂದಿನವುಗಳ ಮೇಲೆ ಅವಲಂಬಿಸಲೇಬೇಕು. ಆ ಅವಲಂಬನೆಯ ಗುಣಾಂಕಗಳೇ ಚರ್ನ್ ವರ್ಗಗಳು ಎಂದು ಗ್ರೋತೆಂಡೀಕ್ 1958ರಲ್ಲಿ ವ್ಯಾಖ್ಯಾನಿಸಿದರು. ವ್ಯಾಖ್ಯೆ ಒಂದು ಸಾಲಿನದು. ಅದರಿಂದ ಹೊರಡುವ ಗಣಿತಕ್ಕೆ ಗ್ರಂಥಗಳೇ ಬೇಕಾದವು. ಎಲ್ಲ ಬಂಡಲುಗಳೂ ಇಷ್ಟು ವಿಧೇಯವಲ್ಲ. ಮೂರಾಯಾಮದ ಗೋಳವನ್ನು ಎರಡಾಯಾಮದ ಗೋಳದ ಮೇಲೆ ವೃತ್ತಗಳಾಗಿ ಹರಡುವ ಹಾಪ್ಫ್ ಚಿತ್ರಣದಲ್ಲಿ (1931) ತಳದ ಜನಕ ಮೇಲೆ ಬಂದೊಡನೆ ಸೊನ್ನೆಯಾಗುತ್ತದೆ. ಅಲ್ಲಿ ಮಾಡ್ಯೂಲ್ ಮುಕ್ತವಲ್ಲ.

ಸಮಮಿತಿಯುಳ್ಳ ಆಕಾಶಗಳಿಗೆ ಬೊರೆಲ್ 1960ರ ಸುಮಾರಿಗೆ ಹಾಕಿಕೊಟ್ಟ ದಾರಿಯೂ ಇದೇ ಬಗೆಯದು. ವೃತ್ತವೊಂದು ಆಕಾಶವನ್ನು ತಿರುಗಿಸುತ್ತಿದ್ದರೆ ಆ ಆಕಾಶದ ಸಮವರ್ತಿ ಕೊಹೊಮಾಲಜಿ, ಎಂದರೆ ಆ ತಿರುಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕೊಹೊಮಾಲಜಿ, ಒಂದೇ ಚರವುಳ್ಳ ಬಹುಪದೋಕ್ತಿಗಳ ರಿಂಗಿನ ಮಾಡ್ಯೂಲ್. ಗೋಳವನ್ನು ಅದರ ಅಕ್ಷದ ಸುತ್ತ ಬುಗುರಿಯಂತೆ ತಿರುಗಿಸಿ: ಎರಡು ಧ್ರುವಗಳು ಮಾತ್ರ ಅಲುಗುವುದಿಲ್ಲ. ಭಾಗಲಬ್ಧ ಗುಣಾಂಕಗಳಲ್ಲಿ ಅದರ ಮಾಡ್ಯೂಲ್, ಸ್ಥಿರಪದ ಒಂದೇ ಆಗಿರುವ ಎರಡೆರಡು ಬಹುಪದೋಕ್ತಿಗಳ ಜೋಡಿಗಳ ಕೂಟ, ಧ್ರುವಕ್ಕೊಂದು ಬಹುಪದೋಕ್ತಿ. ವೃತ್ತ ತನ್ನನ್ನೇ ತಿರುಗಿಸಿಕೊಂಡರೆ ಸ್ಥಿರಬಿಂದುವೇ ಇಲ್ಲ, ಚರ ಮುಟ್ಟಿದೊಡನೆ ಎಲ್ಲವೂ ಸೊನ್ನೆ. ಮಾಡ್ಯೂಲಿನ ಮುಕ್ತ ಭಾಗ ಸ್ಥಿರಬಿಂದುಗಳದು, ಸಾಯುವ ಭಾಗ ಚಲಿಸುವ ಬಿಂದುಗಳದು ಎನ್ನುವ ಈ ಲೆಕ್ಕ ಮುಂದೆ ಬಹಳ ದೂರ ಹೋಯಿತು. ರೀಮನ್ ಮೇಲ್ಮೈಗಳ ಮೇಲಿನ ಬಂಡಲುಗಳ ಮಾಡ್ಯುಲೈ ಆಕಾಶಕ್ಕೆ (ಬಂಡಲುಗಳೇ ಬಿಂದುಗಳಾದ ಆಕಾಶಕ್ಕೆ) ಹಾರ್ಡರ್ ಮತ್ತು ಎಂ. ಎಸ್. ನರಸಿಂಹನ್ 1975ರಲ್ಲಿ ಸಂಖ್ಯಾಸಿದ್ಧಾಂತದ ದಾರಿಯಿಂದ ಪಡೆದ ಬೆಟ್ಟಿ ಸಂಖ್ಯೆಗಳನ್ನು ಅತಿಯಾ ಮತ್ತು ಬಾಟ್ 1983ರಲ್ಲಿ ಸಮವರ್ತಿ ಕೊಹೊಮಾಲಜಿಯಿಂದ ಮತ್ತೆ ಪಡೆದರು. 1998ರಲ್ಲಿ ಗೊರೆಸ್ಕಿ, ಕಾಟ್‌ವಿಟ್ಜ್, ಮ್ಯಾಕ್‌ಫರ್ಸನ್ ಮೂವರು ಇಡೀ ಮಾಡ್ಯೂಲನ್ನು ಬಿಂದು–ಗೆರೆಗಳ ಒಂದು ಚಿತ್ರದಿಂದಲೇ ಓದಿಕೊಳ್ಳುವ ವಿಧಾನ ಕೊಟ್ಟರು.

ಗ್ರೂಪ್ ರಿಂಗಿನ ಮಾಡ್ಯೂಲುಗಳ ಬಗ್ಗೆ, ಅವುಗಳಿಗೆ ಹತ್ತಿರದ ಇನ್ನೊಂದು ಬಗೆಯ ಬಗ್ಗೆ ಇಲ್ಲಿ ಎರಡು ಮಾತು ಸಾಕು. ಗಂಟಿನ ಸುತ್ತಲ ಆಕಾಶವನ್ನು ಅನಂತ ಹೊದಿಕೆಯಾಗಿ ಬಿಚ್ಚಿದಾಗ ಬರುವ ಅಲೆಗ್ಸಾಂಡರ್ ಮಾಡ್ಯೂಲ್ ಹಲವು ಗಂಟುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ದತ್ತಾಂಶಗಳ ಆಕಾರವನ್ನು ಅಳೆಯುವ ಪರ್ಸಿಸ್ಟೆಂಟ್ ಹೋಮಾಲಜಿ ಒಂದು ಚರದ ಬಹುಪದೋಕ್ತಿ ರಿಂಗಿನ ಮಾಡ್ಯೂಲ್ ಎಂದು ಜೊಮೊರೊಡಿಯನ್ ಮತ್ತು ಕಾರ್ಲ್ಸನ್ 2005ರಲ್ಲಿ ತೋರಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಬಾರ್‌ಕೋಡ್ ಆಗಿ ಕಾಣುವುದು ಅಂಥ ಮಾಡ್ಯೂಲ್ ತುಂಡುತುಂಡಾಗಿ ಒಡೆಯುವ ರೀತಿಯೇ.

ಸ್ಟೀನ್ರಾಡ್ ವರ್ಗಗಳು

ಈಗ ಮುಖ್ಯ ವಿಷಯ. ಕೊಹೊಮಾಲಜಿಯಲ್ಲಿ ಗುಣಾಕಾರದ ಕ್ರಮ ಬದಲಿಸಿದರೆ ಚಿಹ್ನೆ ಮಾತ್ರ ಬದಲಾಗಬಹುದು, ಉತ್ತರ ಅದೇ. ಆದರೆ ಈ ಸೌಜನ್ಯ ಮೇಲ್ನೋಟದ್ದು. ಕೊಹೊಮಾಲಜಿಗೆ ಕಚ್ಚಾಸಾಮಗ್ರಿಯಾದ ಕೊಚೈನುಗಳ ಮಟ್ಟಕ್ಕೆ ಇಳಿದರೆ ಮುಂಚಿನ ಕ್ರಮಕ್ಕೂ ಹಿಂದುಮುಂದಾದ ಕ್ರಮಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ತುಂಬಿಕೊಡಲು ಇನ್ನೊಂದು ಗುಣಾಕಾರ ಬೇಕು. ಅದೂ ಕ್ರಮ ಬದಲಿಸಿದರೆ ಕೆಡುತ್ತದೆ, ಅದನ್ನು ಸರಿಪಡಿಸಲು ಮತ್ತೊಂದು. ಹೀಗೆ ಏಣಿಯೊಂದು ಮೇಲೇರುತ್ತದೆ. ಅಮೆರಿಕದ ನಾರ್ಮನ್ ಸ್ಟೀನ್ರಾಡ್ (1910–1971) 1947ರಲ್ಲಿ ಈ ಏಣಿಯನ್ನು ಬರೆದಿಟ್ಟರು. ಒಂದು ಆಕಾಶದಿಂದ ಅದಕ್ಕಿಂತ ಒಂದೇ ಆಯಾಮ ಕಡಿಮೆಯ ಗೋಳಕ್ಕೆ ಇರುವ ಅವಿಚ್ಛಿನ್ನ ಚಿತ್ರಣಗಳನ್ನು ವರ್ಗೀಕರಿಸುವುದು ಅವರ ಉದ್ದೇಶವಾಗಿತ್ತು. ಎರಡಂಶದ ಫೀಲ್ಡಿನಲ್ಲಿ ಒಂದು ಕೊಹೊಮಾಲಜಿ ವರ್ಗವನ್ನು ಈ ಏಣಿಯ ಮೆಟ್ಟಿಲುಗಳಲ್ಲಿ ತನ್ನೊಡನೆ ತಾನೇ ಗುಣಿಸಿಕೊಂಡಾಗ ಸಿಗುವವು ಸ್ಟೀನ್ರಾಡ್ ವರ್ಗಗಳು. ಗುಣಾಕಾರ ನೇರವಾಗಿ ಕ್ರಮನಿರಪೇಕ್ಷವಾಗಿದ್ದಿದ್ದರೆ ಇವು ಹುಟ್ಟುತ್ತಲೇ ಇರಲಿಲ್ಲ. ಒಂದು ಕೊರತೆಯ ಲೆಕ್ಕ ಬರೆಯುತ್ತ ಹೋದವನಿಗೆ ಗಣಿ ಸಿಕ್ಕಿದ ಪ್ರಸಂಗವಿದು.

ಇಲ್ಲಿ ಅವನ್ನು ವ₁, ವ₂, ವ₃ ಎಂದು ಬರೆಯೋಣ. ಕೆಳಗಿನ ಅಂಕಿಯಷ್ಟು ಡಿಗ್ರಿಯನ್ನು ಪ್ರತಿಯೊಂದೂ ಏರಿಸುತ್ತದೆ. ವ₀ ಏನನ್ನೂ ಬದಲಿಸುವುದಿಲ್ಲ. ಕೊಹೊಮಾಲಜಿ ವರ್ಗದ ಡಿಗ್ರಿಯೂ ಅಂಕಿಯೂ ಒಂದೇ ಆದರೆ ಫಲ ಅದರ ನಿಜವಾದ ವರ್ಗ, ಅಂದರೆ ತನ್ನಿಂದ ತಾನು ಗುಣಿಸಿಕೊಂಡದ್ದು. ಹೆಸರು ಬಂದದ್ದು ಇದರಿಂದ. ಅಂಕಿ ಡಿಗ್ರಿಯನ್ನು ಮೀರಿದರೆ ಫಲ ಸೊನ್ನೆ. ಗುಣಲಬ್ಧದ ಮೇಲೆ ಇವು ಹೇಗೆ ಹಂಚಿಕೊಳ್ಳುತ್ತವೆ ಎನ್ನುವ ಸೂತ್ರ ಆನ್ರಿ ಕಾರ್ತಾನ್ ಅವರದು. ಒಂದರ ಮೇಲೊಂದು ಹೇರಿದಾಗ ಏನಾಗುತ್ತದೆ ಎನ್ನುವುದನ್ನು ಪೂರ್ತಿಯಾಗಿ ಬಗೆಹರಿಸಿದವರು ಸ್ಟೀನ್ರಾಡರ ಶಿಷ್ಯ, ಮೆಕ್ಸಿಕೊದ ಹೊಸೆ ಆದೆಮ್ (1952). ವ₁ವ₁ = 0; ವ₁ವ₂ = ವ₃; ವ₂ವ₂ = ವ₃ವ₁; ವ₂ವ₄ = ವ₆ + ವ₅ವ₁. ಇಂಥ ಸಂಬಂಧಗಳೆಲ್ಲ ಸೇರಿ ಆಗುವುದು ಸ್ಟೀನ್ರಾಡ್ ಬೀಜಗಣಿತ. ಅವಿಭಾಜ್ಯ ಸಂಖ್ಯೆ 2ರ ಬದಲು 3, 5, 7 ತೆಗೆದುಕೊಂಡರೂ ಇದೇ ತರಹದ ಬೀಜಗಣಿತಗಳು ಬರುತ್ತವೆ.

ಮುಖ್ಯವಾದ ಅಂಶ ಇದು: ಪ್ರತಿಯೊಂದು ಆಕಾಶದ ಕೊಹೊಮಾಲಜಿಯೂ ಈ ಬೀಜಗಣಿತದ ಮಾಡ್ಯೂಲ್, ಆಕಾಶಗಳ ನಡುವಣ ಪ್ರತಿಯೊಂದು ಅವಿಚ್ಛಿನ್ನ ಚಿತ್ರಣವೂ ಆ ಕ್ರಿಯೆಯನ್ನು ಕಾಪಾಡುತ್ತದೆ. ಕೋಡುಬಳೆಯ ಉದಾಹರಣೆಯಲ್ಲಿ ಗುಣಾಕಾರ ನೆರವಾಯಿತು. ಅದು ಕೈಕೊಡುವ ಜಾಗವೂ ಇದೆ. ಸಂಕೀರ್ಣ ಪ್ರಕ್ಷೇಪೀಯ ಸಮತಲದಲ್ಲಿ ಎರಡು ಮತ್ತು ನಾಲ್ಕನೇ ಡಿಗ್ರಿಗಳಲ್ಲಿ ಒಂದೊಂದು ಜನಕವಿದೆ, ಎರಡನೆಯದು ಮೊದಲನೆಯದರ ವರ್ಗ. ಈ ಆಕಾಶಕ್ಕೆ ಸಸ್ಪೆನ್ಷನ್ ಮಾಡೋಣ. ಎಂದರೆ ಅದನ್ನು ಡಮರುವಿನ ನಡುಭಾಗದಂತಲ್ಲ, ಡೋಲಿನ ನಡುಭಾಗದಂತೆ ಇಟ್ಟು ಎರಡು ತುದಿಗಳನ್ನೂ ಒಂದೊಂದು ಬಿಂದುವಿಗೆ ಕೂಡಿಸುವುದು. ಜನಕಗಳು ಮೂರು ಮತ್ತು ಐದನೇ ಡಿಗ್ರಿಗಳಿಗೆ ಏರುತ್ತವೆ. ಸಸ್ಪೆನ್ಷನ್ನಿನಲ್ಲಿ ಎಲ್ಲ ಗುಣಲಬ್ಧಗಳೂ ಸೊನ್ನೆ, ಹಾಗಾಗಿ ಇದು ಮೂರಾಯಾಮದ ಗೋಳ ಮತ್ತು ಐದಾಯಾಮದ ಗೋಳಗಳನ್ನು ಒಂದು ಬಿಂದುವಿನಲ್ಲಿ ಅಂಟಿಸಿದ್ದೇ ಏನೋ ಎಂಬ ಅನುಮಾನ ಬರುತ್ತದೆ. ಆದರೆ ಸ್ಟೀನ್ರಾಡ್ ಕ್ರಿಯೆಗಳು ಸಸ್ಪೆನ್ಷನ್ನಿಗೆ ಜಗ್ಗುವುದಿಲ್ಲ. ಮೊದಲು ವರ್ಗವಾಗಿ ಕಾಣಿಸಿಕೊಂಡ ವ₂ ಈಗಲೂ ಮೂರನೇ ಡಿಗ್ರಿಯನ್ನು ಐದಕ್ಕೆ ಕಟ್ಟಿಯೇ ಇದೆ. ಸಂಕೀರ್ಣ ಪ್ರಕ್ಷೇಪೀಯ ಸಮತಲ ಹಾಪ್ಫ್ ಚಿತ್ರಣದಿಂದಲೇ ಕಟ್ಟಿದ ಆಕಾಶ; ಆ ಚಿತ್ರಣವನ್ನು ಎಷ್ಟು ಸಲ ಸಸ್ಪೆಂಡ್ ಮಾಡಿದರೂ ಅದು ಕುಗ್ಗಿ ಬಿಂದುವಾಗದು ಎನ್ನುವ ಸಂಗತಿಗೆ ಇಷ್ಟೇ ಸಾಧನೆ.

ಬೀಜಗಣಿತದ ಒಳಗು

ವ₁ರಿಂದ ವ₇ರವರೆಗೆ ಹೋಗಿ ಅಡಕವಾದ ಆಧಾರವನ್ನು ಬರೆದರೆ ಡಿಗ್ರಿ 1, 2ರಲ್ಲಿ ಒಂದೊಂದು, 3, 4, 5ರಲ್ಲಿ ಎರಡೆರಡು, 6ರಲ್ಲಿ ಮೂರು, 7ರಲ್ಲಿ ನಾಲ್ಕು ಅಂಶಗಳು. ಪ್ರತಿ ಅಂಕಿಯೂ ತನ್ನ ಬಲಗಡೆಯದರ ಎರಡರಷ್ಟಾದರೂ ಇರಬೇಕು ಎನ್ನುವುದು ಈ ಆಧಾರದ ನಿಯಮ. ಎರಡಂಶದ ಫೀಲ್ಡಿನಲ್ಲಿ ಸಸ್ಪೆನ್ಷನ್ನಿಗೆ ಹೊಂದುವ ಕ್ರಿಯೆಗಳೆಲ್ಲ ಇದರಲ್ಲೇ ಅಡಗಿವೆ, ಹೊರಗೆ ಒಂದೂ ಇಲ್ಲ ಎಂಬುದು 1953ರಲ್ಲಿ ಸೆರ್ ಮಾಡಿದ ಲೆಕ್ಕದಿಂದ ಖಚಿತವಾಯಿತು. 1958ರಲ್ಲಿ ಮಿಲ್ನರ್ ಈ ಗೋಜಲಿನ ಬೀಜಗಣಿತವನ್ನು ಕನ್ನಡಿಯಲ್ಲಿ ಹಿಡಿದು ತೋರಿಸಿದರು: ಅದರ ದ್ವೈತರೂಪ ಬರಿಯ ಬಹುಪದೋಕ್ತಿ ರಿಂಗ್, ಜನಕಗಳು 1, 3, 7, 15 ಹೀಗೆ ಎರಡರ ಘಾತಕ್ಕೆ ಒಂದು ಕಡಿಮೆಯಾದ ಡಿಗ್ರಿಗಳಲ್ಲಿ. ಆದೆಮರ ಸಂಬಂಧಗಳನ್ನು ಕೈಯಿಂದ ಬಿಡಿಸಿ ಸುಸ್ತಾದವರಿಗೆ ಮಿಲ್ನರರ ಪ್ರಬಂಧ ಓದುವುದು ಮಳೆಗಾಲದಲ್ಲಿ ಕಿಟಕಿ ತೆರೆದಂತೆ.

ಬೀಜಗಣಿತದ ಜನಕಗಳು ವ₁, ವ₂, ವ₄, ವ₈ ಹೀಗೆ ಎರಡರ ಘಾತಗಳು ಮಾತ್ರ; ಉಳಿದವೆಲ್ಲ ಇವುಗಳಿಂದ ಆದವು. ಈ ಒಣ ಸಂಗತಿಗೆ ಒಂದು ಹಳೆಯ ಹಂಬಲದೊಂದಿಗೆ ನಂಟಿದೆ. ಐರ್ಲೆಂಡಿನ ಹ್ಯಾಮಿಲ್ಟನ್ ವರ್ಷಗಟ್ಟಲೆ ಮೂರಾಯಾಮದ ಸಂಖ್ಯೆಗಳಿಗೆ ಭಾಗಾಕಾರ ಬರುವಂಥ ಗುಣಾಕಾರ ಹುಡುಕಿ ಸೋತು, 1843ರಲ್ಲಿ ನಾಲ್ಕಾಯಾಮದ ಕ್ವಾಟರ್ನಿಯನ್ನುಗಳನ್ನು ಕಂಡರು. ಮೂರರಲ್ಲಿ ಯಾಕಿಲ್ಲ? ಅಂಥ ಗುಣಾಕಾರವಿದ್ದಿದ್ದರೆ ಅದರಿಂದ ಮೂರಾಯಾಮದ ಗೋಳಕ್ಕೆ ಆರಾಯಾಮದ ಕೋಶವೊಂದನ್ನು ಅಂಟಿಸಿದ ಆಕಾಶ ಬರುತ್ತಿತ್ತು. ಅದರ ಮೂರನೇ ಡಿಗ್ರಿಯ ಜನಕದ ವರ್ಗ, ಎಂದರೆ ಅದರ ಮೇಲೆ ವ₃ ನಡೆಸಿದ ಫಲ, ಸೊನ್ನೆಯಾಗುತ್ತಿರಲಿಲ್ಲ. ಆದರೆ ವ₃ = ವ₁ವ₂. ಮೂರರಿಂದ ಹೊರಟ ವ₂ ಐದನೇ ಡಿಗ್ರಿಯಲ್ಲಿ ಕಾಲಿಡಬೇಕು. ಆ ಆಕಾಶದ ಐದನೇ ಡಿಗ್ರಿಯಲ್ಲಿ ಏನೂ ಇಲ್ಲ. ಕಾಲಿಡಲು ಜಾಗವಿಲ್ಲದ ಕಡೆಯಿಂದ ವ₁ ಮುಂದೆ ನೆಗೆಯಲಾರದು. ಆರಾಯಾಮಕ್ಕೂ ಇದೇ ಗತಿ, ಯಾಕೆಂದರೆ ವ₆ ಕೂಡ ವ₂ವ₄ ಮತ್ತು ವ₅ವ₁ಗಳಾಗಿ ಒಡೆಯುತ್ತದೆ. ಎರಡರ ಘಾತಗಳಲ್ಲದ ಎಲ್ಲ ಆಯಾಮಗಳನ್ನೂ ಆದೆಮ್ ಹೀಗೆ ತಳ್ಳಿಹಾಕಿದರು. ಹದಿನಾರು, ಮೂವತ್ತೆರಡು ಮುಂತಾದವು ಉಳಿದವು. ಅವುಗಳನ್ನು 1960ರಲ್ಲಿ ಫ್ರಾಂಕ್ ಆಡಮ್ಸ್ ಕಿತ್ತುಹಾಕಿದ ಮೇಲೆ 1, 2, 4, 8 ಮಾತ್ರ ನಿಂತವು: ವಾಸ್ತವ, ಸಂಕೀರ್ಣ, ಕ್ವಾಟರ್ನಿಯನ್, ಆಕ್ಟೋನಿಯನ್.

ಮಾಡ್ಯೂಲ್ ರಚನೆಯ ನಿಜವಾದ ಬೆಲೆ ಇರುವುದು ಅದು ಹೇಳುವುದರಲ್ಲಲ್ಲ, ಬೇಡ ಎನ್ನುವುದರಲ್ಲಿ. ಎರಡಂಶದ ಫೀಲ್ಡಿನಲ್ಲಿ ಕೊಹೊಮಾಲಜಿ ಗ್ರೂಪುಗಳಷ್ಟೇ ಬೇಕೆಂದರೆ ಪರಿಮಿತ ಗ್ರೂಪುಗಳ ಯಾವುದೇ ಪಟ್ಟಿಗೂ ಒಂದು ಆಕಾಶ ಕಟ್ಟಿಕೊಡಬಹುದು. ಗುಣಾಕಾರವೂ ಹೀಗೇ ಇರಬೇಕು ಎಂದು ಕೇಳಿದರೆ, ಸ್ಟೀನ್ರಾಡ್ ಕ್ರಿಯೆ ಬಂದೊಡನೆ ಅನೇಕ ಪಟ್ಟಿಗಳು ಅಸಾಧ್ಯವೆಂದು ತಿರಸ್ಕೃತವಾಗುತ್ತವೆ.

ಮೇರು ಪ್ರಸ್ತಾರದ ನೆರಳು

ಅನಂತ ಆಯಾಮದ ವಾಸ್ತವ ಪ್ರಕ್ಷೇಪೀಯ ಆಕಾಶದ ಕೊಹೊಮಾಲಜಿ ಒಂದೇ ಚರದ ಬಹುಪದೋಕ್ತಿಗಳು. ಚರವನ್ನು ಕ್ಷ ಎನ್ನೋಣ. ಅದರ ಡಿಗ್ರಿ ಒಂದು. ಕ್ಷದ ಘಾತವೊಂದರ ಮೇಲೆ ವ₁, ವ₂ ಇತ್ಯಾದಿ ನಡೆಸಿದರೆ ಬರುವುದು ಅಂಕಿಯಷ್ಟು ಮುಂದಿನ ಘಾತ, ಅದರ ಗುಣಾಂಕ ದ್ವಿಪದ ಗುಣಾಂಕ, ಅದೂ ಸಮ–ಬೆಸದ ಲೆಕ್ಕದಲ್ಲಿ. ವ₁ಕ್ಷ³ = ಕ್ಷ⁴, ಯಾಕೆಂದರೆ 3 ಬೆಸ. ವ₂ಕ್ಷ⁵ = 0, ಯಾಕೆಂದರೆ ಐದರಲ್ಲಿ ಎರಡನ್ನು ಆರಿಸುವ ರೀತಿಗಳು 10, ಅದು ಸಮ. ವ₄ಕ್ಷ⁵ = ಕ್ಷ⁹. ಇಷ್ಟರಿಂದಲೇ ಇಡೀ ಮಾಡ್ಯೂಲ್ ತಿಳಿದಂತೆ. ನಮ್ಮ ಛಂದಶ್ಶಾಸ್ತ್ರದವರು ಲಘುಗುರುಗಳನ್ನು ಎಣಿಸಲು ಕಟ್ಟಿದ ಮೇರು ಪ್ರಸ್ತಾರವನ್ನು ಬರೆದು ಬೆಸ ಸಂಖ್ಯೆಗಳಿಗೆ ಮಸಿ ಹಚ್ಚಿದರೆ ಈ ಮಾಡ್ಯೂಲಿನ ನಕ್ಷೆಯೇ ಎದುರಾಗುತ್ತದೆ. ಆರಿಸುವ ರೀತಿಗಳಿಗೆ ಸಾಮಾನ್ಯ ಸೂತ್ರವನ್ನು ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ. ಯಾವುದು ಬೆಸ ಎಂದು ಕಂಡುಹಿಡಿಯುವ ಸುಲಭ ದಾರಿ ಲುಕಾ ಅವರದು (1878): ಎರಡೂ ಸಂಖ್ಯೆಗಳನ್ನು ದ್ವಿಮಾನದಲ್ಲಿ ಬರೆಯಿರಿ, ಚಿಕ್ಕದರ ಒಂದುಗಳೆಲ್ಲ ದೊಡ್ಡದರ ಒಂದುಗಳ ಕೆಳಗೇ ಬಿದ್ದರೆ ಬೆಸ.

ಈ ಎಣಿಕೆ ಕೆಲಸಕ್ಕೆ ಬರುವ ಒಂದು ಜಾಗ ನೋಡೋಣ. ಎರಡಾಯಾಮದ ಗೋಳದ ಮೇಲಿನ ಕೂದಲನ್ನು ಸುಳಿಯಿಲ್ಲದೆ ಬಾಚಲಾಗದು. ಎಂದರೆ ಎಲ್ಲೂ ಸೊನ್ನೆಯಾಗದ ಸ್ಪರ್ಶ ಸದಿಶ ಕ್ಷೇತ್ರ ಅಲ್ಲಿಲ್ಲ. ಬೆಸ ಆಯಾಮದ ಗೋಳಗಳಲ್ಲಿ ಬಾಚಬಹುದು. ಒಂದರಿಂದೊಂದು ಸ್ವತಂತ್ರವಾಗಿ ಎಷ್ಟು ದಿಕ್ಕುಗಳಲ್ಲಿ? ಹನ್ನೊಂದಾಯಾಮದ ಗೋಳದಲ್ಲಿ ಕ್ವಾಟರ್ನಿಯನ್ನುಗಳ ನೆರವಿನಿಂದ ಮೂರು ಕ್ಷೇತ್ರಗಳು ಸಿಗುತ್ತವೆ. ನಾಲ್ಕು ಸಿಕ್ಕಿದರೆ, ಹನ್ನೊಂದಾಯಾಮದ ಪ್ರಕ್ಷೇಪೀಯ ಆಕಾಶದಲ್ಲಿ ಆರಾಯಾಮದವರೆಗಿನ ಭಾಗವನ್ನು ಬಿಂದುವಾಗಿ ಕುಗ್ಗಿಸಿದಾಗ ಉಳಿಯುವುದರ ತುತ್ತತುದಿಯ ಕೋಶ ಬಿಡಿಯಾಗಿ ಕಳಚಿಬರಬೇಕಾಗುತ್ತದೆ. ಹಾಗಿದ್ದರೆ ಕೆಳಗಿನ ಯಾವ ವರ್ಗವೂ ಕ್ಷ¹¹ನ್ನು ಮುಟ್ಟಬಾರದು. ಆದರೆ ವ₄ಕ್ಷ⁷ = 35ಕ್ಷ¹¹, 35 ಬೆಸ. ಕಳಚುವ ಮಾತಿಲ್ಲ, ಮೂರೇ ಗರಿಷ್ಠ. ಸ್ಟೀನ್ರಾಡ್ ಮತ್ತು ಜೆ. ಎಚ್. ಸಿ. ವೈಟ್‌ಹೆಡ್ 1951ರಲ್ಲಿ ಬಳಸಿದ ವಾದ ಇದು. ಇದಕ್ಕೂ ಮಿತಿಯಿದೆ. 47 ಆಯಾಮದ ಗೋಳದಲ್ಲಿ 16 ಕ್ಷೇತ್ರಗಳಿಲ್ಲ ಎಂದಷ್ಟೇ ಇದು ಹೇಳಬಲ್ಲದು. ಸರಿಯಾದ ಉತ್ತರ 8. ಅದಕ್ಕೆ ಆಡಮ್ಸ್ 1962ರಲ್ಲಿ ಕೆ–ಸಿದ್ಧಾಂತ ಎಂಬ ಬೇರೊಂದು ಉಪಕರಣಕ್ಕೆ ಮೊರೆಹೋಗಬೇಕಾಯಿತು.

ಮ್ಯಾನಿಫೋಲ್ಡುಗಳು, ಮುಕ್ತ ಮಾಡ್ಯೂಲುಗಳು

ಮ್ಯಾನಿಫೋಲ್ಡುಗಳ (ಹತ್ತಿರದಿಂದ ಸಪಾಟಾಗಿ ಕಾಣುವ ಆಕಾಶಗಳ) ಮೇಲೆ ಸ್ಟೀನ್ರಾಡ್ ಕ್ರಿಯೆ ಇನ್ನೊಂದು ಗುಟ್ಟು ಬಿಡಿಸುತ್ತದೆ. ಅವುಗಳ ತಿರುಚನ್ನು ಅಳೆಯುವ ಸ್ಟೀಫೆಲ್–ವಿಟ್ನಿ ವರ್ಗಗಳನ್ನು ವ್ಯಾಖ್ಯಾನಿಸಲು ಸ್ಪರ್ಶ ಬಂಡಲ್ ಬೇಕು, ಅದಕ್ಕೆ ಕಲನಶಾಸ್ತ್ರ ಬೇಕು. ಚೀನಾದ ವೂ ವೆನ್‌ಜುನ್ 1950ರಲ್ಲಿ ಅವನ್ನು ಸ್ಟೀನ್ರಾಡ್ ಕ್ರಿಯೆ ಮತ್ತು ಪ್ವಾಂಕರೆ ದ್ವೈತದಿಂದಲೇ ಲೆಕ್ಕ ಹಾಕಿ ತೋರಿಸಿದರು. ನುಣುಪಾದ ರಚನೆಯ ಗುಣವೆಂದು ಕಂಡದ್ದು ಮಾಡ್ಯೂಲಿನಲ್ಲೇ ಇತ್ತು. ನಾಲ್ಕು ವರ್ಷಗಳ ನಂತರ ರನೆ ತೋಮ್, ಎರಡು ಮ್ಯಾನಿಫೋಲ್ಡುಗಳು ಸೇರಿ ಒಂದು ದೊಡ್ಡದರ ಅಂಚಾಗುವುದು ಯಾವಾಗ ಎಂಬ ಕೋಬಾರ್ಡಿಸಮ್ ಪ್ರಶ್ನೆಗೆ ಉತ್ತರಿಸಿದರು. ಅದಕ್ಕಾಗಿ ಅವರು ಕಟ್ಟಿದ ವಸ್ತುವಿನ ಕೊಹೊಮಾಲಜಿ ಸ್ಟೀನ್ರಾಡ್ ಬೀಜಗಣಿತದ ಮೇಲೆ ಮುಕ್ತ ಮಾಡ್ಯೂಲ್ ಆಗಿತ್ತು. ಮುಕ್ತವಾದ್ದರಿಂದ ಸಮಸ್ಯೆ ಎಣಿಕೆಗೆ ಇಳಿಯಿತು. ಇಷ್ಟು ಸಲೀಸಾಗಿ ಬಿಡುವ ಮಾಡ್ಯೂಲುಗಳು ಅಪರೂಪ.

ಮಾಡ್ಯೂಲಿಗೆ ಕಾಣದ್ದು

ಹಾಪ್ಫ್ ಚಿತ್ರಣದ ಸಸ್ಪೆನ್ಷನ್ನುಗಳೆರಡನ್ನು ಒಂದರ ಹಿಂದೊಂದು ನಡೆಸಿದರೆ ಗೋಳದಿಂದ ಎರಡಾಯಾಮ ಕಡಿಮೆಯ ಗೋಳಕ್ಕೆ ಚಿತ್ರಣ ಸಿಗುತ್ತದೆ. ಅದರಿಂದ ಕಟ್ಟಿದ ಆಕಾಶದಲ್ಲಿ ಎರಡು ಜನಕಗಳು, ನಡುವೆ ಮೂರು ಡಿಗ್ರಿಗಳ ಅಂತರ. ಕಟ್ಟಬಲ್ಲದ್ದು ವ₃ ಒಂದೇ, ಅದು ವ₁ವ₂ ಆದ್ದರಿಂದ ಸೊನ್ನೆ. ಮಾಡ್ಯೂಲಿನ ಕಣ್ಣಿಗೆ ಇದು ಎರಡು ಬಿಡಿ ಗೋಳಗಳು. ಆದರೂ ಚಿತ್ರಣ ಬಿಂದುವಾಗಿ ಕುಗ್ಗದು. ಪೊಂಟ್ರಿಯಾಗಿನ್‌ರಂಥವರೇ 1930ರ ದಶಕದಲ್ಲಿ ಇಲ್ಲಿ ಎಡವಿ ಅದು ಕುಗ್ಗುತ್ತದೆ ಎಂದಿದ್ದರು. 1950ರಲ್ಲಿ ಅವರೇ ತಿದ್ದಿಕೊಂಡರು, ಅದೇ ವರ್ಷ ಜಾರ್ಜ್ ವೈಟ್‌ಹೆಡ್ ಕೂಡ ಸರಿಯುತ್ತರ ಕೊಟ್ಟರು. ಈ ಚಿತ್ರಣವನ್ನು ಹಿಡಿಯುವುದು ವ₂ವ₂ = ವ₃ವ₁ ಎಂಬ ಸಂಬಂಧದಿಂದ ಹುಟ್ಟುವ ದ್ವಿತೀಯಕ ಕ್ರಿಯೆ. ಕ್ರಿಯೆಗಳ ನಡುವೆ ಸಂಬಂಧ, ಆ ಸಂಬಂಧಗಳ ನಡುವೆ ಮತ್ತೆ ಸಂಬಂಧ, ಹೀಗೆ ಹೋಗುವ ಇಡೀ ಸಾಲನ್ನು ಆಡಮ್ಸ್ 1958ರಲ್ಲಿ ಒಂದೇ ಯಂತ್ರದೊಳಕ್ಕೆ ಕೂಡಿಸಿದರು. ಆಡಮ್ಸ್ ಸ್ಪೆಕ್ಟ್ರಲ್ ಅನುಕ್ರಮ ಎಂಬ ಆ ಯಂತ್ರಕ್ಕೆ ಮಾಡ್ಯೂಲನ್ನು ಊಡಿದರೆ ಗೋಳಗಳ ಸ್ಥಿರ ಹೋಮೊಟೊಪಿ ಗ್ರೂಪುಗಳು (ಸಸ್ಪೆನ್ಷನ್ನಿಗೂ ಉಳಿಯುವ, ಗೋಳದಿಂದ ಗೋಳಕ್ಕಿರುವ ಚಿತ್ರಣಗಳ ಗ್ರೂಪುಗಳು), ಸಾಕಷ್ಟು ಹೆಣಗಿದ ಮೇಲೆ, ಹೊರಬರುತ್ತವೆ. ಐಸಾಕ್ಸನ್, ವಾಂಗ್, ಷು ಮೂವರು 2023ರಲ್ಲಿ ಪ್ರಕಟಿಸಿದ ಕೆಲಸ 90ನೇ ಆಯಾಮದವರೆಗೆ ಮುಟ್ಟಿದೆ. ಅದರ ಬೀಜಗಣಿತದ ಭಾಗ ಕಂಪ್ಯೂಟರಿನದು, ಉಳಿದ ಹೆಣಗಾಟ ಮನುಷ್ಯರದು.

ಯಾವ ಮಾಡ್ಯೂಲಿಗೆ ಆಕಾಶವುಂಟು

ಅಂಕಿ ಡಿಗ್ರಿಯನ್ನು ಮೀರಿದರೆ ಸೊನ್ನೆ ಎಂಬ ನಿಯಮ ಪಾಲಿಸುವ ಮಾಡ್ಯೂಲುಗಳನ್ನು ಅಸ್ಥಿರ ಮಾಡ್ಯೂಲುಗಳೆನ್ನುತ್ತಾರೆ. ಹೆಸರು ದುರದೃಷ್ಟದ್ದು, ಅವುಗಳಲ್ಲಿ ಅಲುಗಾಡುವುದೇನೂ ಇಲ್ಲ. ಇವುಗಳ ಲೋಕದಲ್ಲಿ ಮೇಲೆ ಹೇಳಿದ ಕ್ಷದ ಬಹುಪದೋಕ್ತಿಗಳ ಮಾಡ್ಯೂಲಿಗೆ ವಿಶೇಷ ಸ್ಥಾನ: ಅದು ಇಂಜೆಕ್ಟಿವ್, ಎಂದರೆ ಯಾವುದೇ ಉಪಮಾಡ್ಯೂಲಿನಿಂದ ಅದಕ್ಕೆ ಬರುವ ಚಿತ್ರಣವನ್ನು ಇಡೀ ಮಾಡ್ಯೂಲಿಗೆ ಹಿಗ್ಗಿಸಬಹುದು. ಕಾರ್ಲ್ಸನ್ ಮತ್ತು ಮಿಲ್ಲರ್ ಕಂಡ ಈ ಗುಣವೇ ಹೇನ್ಸ್ ಮಿಲ್ಲರ್ 1984ರಲ್ಲಿ ಸಾಧಿಸಿದ ಸಲಿವನ್ ಊಹೆಯ ಬೆನ್ನೆಲುಬು: ಅನಂತ ಪ್ರಕ್ಷೇಪೀಯ ಆಕಾಶದಿಂದ ಪರಿಮಿತ ಆಯಾಮದ ಯಾವ ಆಕಾಶಕ್ಕೂ ಬಿಂದುವಾಗಿ ಕುಗ್ಗದ ಚಿತ್ರಣವಿಲ್ಲ. ಚಿತ್ರಣಗಳ ಆಕಾಶದ ಕೊಹೊಮಾಲಜಿಯನ್ನೇ ಮಾಡ್ಯೂಲಿನಿಂದ ಲೆಕ್ಕ ಹಾಕುವ ಉಪಕರಣವನ್ನು ಆಮೇಲೆ ಜ್ಯಾನ್ ಲಾನ್ ಕೊಟ್ಟರು.

ಹಾಗಾದರೆ ಪ್ರತಿ ಅಸ್ಥಿರ ಮಾಡ್ಯೂಲಿಗೂ ಒಂದು ಆಕಾಶವುಂಟೆ? ಕ್ಷ, ಕ್ಷ², ಕ್ಷ⁴, ಕ್ಷ⁸ ಹೀಗೆ ಹೋಗುವ ಅಂಶಗಳನ್ನಷ್ಟೇ ಇಟ್ಟುಕೊಂಡರೆ ಅದೊಂದು ಅಸ್ಥಿರ ಮಾಡ್ಯೂಲ್. ಕ್ಷ ಒಂದರಿಂದಲೇ ಎಲ್ಲವೂ ಹುಟ್ಟುತ್ತವೆ. ಇಂಥ ಕೊಹೊಮಾಲಜಿಯುಳ್ಳ ಆಕಾಶ ಇಲ್ಲ. ಪರಿಮಿತ ಜನಕಗಳಿಂದ ಹುಟ್ಟಿದ ಮಾಡ್ಯೂಲ್ ಆಕಾಶವೊಂದರದ್ದಾಗಿದ್ದರೆ ಅದು ಸ್ವತಃ ಪರಿಮಿತವಾಗಿರಬೇಕು ಎಂದು ನಿಕೊಲಸ್ ಕೂನ್ 1995ರಲ್ಲಿ ಊಹಿಸಿದರು. ಲಿಯೊನೆಲ್ ಶ್ವಾರ್ಟ್ಸ್ 1998ರಲ್ಲಿ ಸಾಧಿಸಿದರು. ಬಹುಪದೋಕ್ತಿ ರಿಂಗುಗಳಲ್ಲಿ ಯಾವುವು ಆಕಾಶದ ಕೊಹೊಮಾಲಜಿಯಾಗಬಲ್ಲವು ಎಂಬ ಸ್ಟೀನ್ರಾಡರ ಹಳೆಯ ಪ್ರಶ್ನೆಗೆ ಆಂಡರ್ಸನ್ ಮತ್ತು ಗ್ರೋಡಲ್ 2008ರಲ್ಲಿ ಉತ್ತರ ಮುಗಿಸಿದರು.

ಆ ಪ್ರಶ್ನೆಯ ಅತಿ ಸರಳ ರೂಪವನ್ನು ಇಲ್ಲೇ ಬಿಡಿಸಬಹುದು. ಡಿಗ್ರಿ ಎರಡರ ಒಂದೇ ಜನಕದ ಬಹುಪದೋಕ್ತಿ ರಿಂಗಿಗೆ ಸಂಕೀರ್ಣ ಪ್ರಕ್ಷೇಪೀಯ ಆಕಾಶವಿದೆ, ನಾಲ್ಕಕ್ಕೆ ಕ್ವಾಟರ್ನಿಯನ್ ಪ್ರಕ್ಷೇಪೀಯ ಆಕಾಶವಿದೆ. ಎಂಟಕ್ಕೆ ಆಕ್ಟೋನಿಯನ್ನುಗಳಿಂದ ಒಂದು ಸಮತಲ ಮಾತ್ರ ಸಿಗುತ್ತದೆ: ಜನಕ, ಅದರ ವರ್ಗ, ಅಲ್ಲಿಗೆ ನಿಂತಿತು. ಘನವೂ ಸೊನ್ನೆಯಾಗದಂತೆ ಅದನ್ನು ಇನ್ನೊಂದು ಮೆಟ್ಟಿಲು ಏರಿಸಬಾರದೆ? ಇದಕ್ಕೆ ಉತ್ತರಿಸಲು ಅವಿಭಾಜ್ಯ ಸಂಖ್ಯೆ 3ರ ಸ್ಟೀನ್ರಾಡ್ ಬೀಜಗಣಿತ ಬೇಕು. ಅದರ ಕ್ರಿಯೆಗಳನ್ನು ಘ₁, ಘ₂ ಎಂದು ಬರೆದರೆ ಪ್ರತಿ ಅಂಕಿಗೂ ಡಿಗ್ರಿ ನಾಲ್ಕರಷ್ಟು ಏರುತ್ತದೆ. ಎಂಟನೇ ಡಿಗ್ರಿಯ ಜನಕದ ಘನ ಎಂದರೆ ಅದರ ಮೇಲೆ ಘ₄ ನಡೆಸಿದ ಫಲ. ಘ₁ಘ₃ = 4ಘ₄; ಮೂರರ ಲೆಕ್ಕದಲ್ಲಿ 4 ಎಂದರೆ 1, ಹಾಗಾಗಿ ಘ₄ = ಘ₁ಘ₃. ಎಂಟರಿಂದ ಹೊರಟ ಘ₃ ಹನ್ನೆರಡು ಡಿಗ್ರಿ ಏರಿ ಇಪ್ಪತ್ತರಲ್ಲಿ ಕಾಲಿಡಬೇಕು. ನಮ್ಮ ಆಕಾಶದಲ್ಲಿ ಇರುವುದು 8, 16, 24 ಮಾತ್ರ. ಇಪ್ಪತ್ತರಲ್ಲಿ ಏನೂ ಇಲ್ಲ.